ಶಾಲೆಗಳ ಇನ್‌ಸ್ಪೆಕ್ಟರ್ ಬಿ. ಎಲ್. ರೈಸ್ ಸಾಹೇಬರು

ವಿದ್ಯಾದಾನ ಮಾಡಬೇಕೆಂಬ ಉದ್ದೇಶದಿಂದ ದೂರದೇಶಗಳಿಂದ ನಮ್ಮ ನಾಡಿಗೆ ಬಂದ ಮಹನೀಯರು ಅನೇಕರು. ಆದರೆ ತಾವು ಕಲಿಸಬಂದ ಹಳ್ಳಿಯಲ್ಲಿ ತಮಗಿಂತ ಸಾವಿರ ವರ್ಷ ಮೊದಲೇ ಅಕ್ಷರವು ಬೇರೂರಿದ್ದಿತೆಂಬುದನ್ನು ಕಂಡುಕೊಂಡು, ಆ ಅಕ್ಷರವನ್ನು ಓದುವುದಕ್ಕಾಗಿ ತಾವೇ ಮತ್ತೆ ವಿದ್ಯಾರ್ಥಿಗಳಾದವರು ವಿರಳ. ಅಂತಹ ವಿರಳರಲ್ಲಿ ಅಗ್ರಗಣ್ಯರೆಂದು ನಾವು ಭಾವಿಸುವ ಬೆಂಜಮಿನ್ ಲೂಯಿಸ್ ರೈಸ್ ಸಾಹೇಬರ ಚರಿತ್ರೆಯನ್ನು ಈ ಸ್ಮರಣ ಸಂಚಿಕೆಯಲ್ಲಿ ನಮ್ಮ ವಿದ್ಯಾರ್ಥಿನಿಯರ ಮುಂದಿಡುತ್ತೇವೆ. ಪಂಡಿತರು ಅವರನ್ನು ಶಾಸನ ಪಿತಾಮಹರೆಂದು ಕರೆಯುತ್ತಾರೆ. ಅದು ಅವರ ಜೀವಿತದ ಉತ್ತರಾರ್ಧದಲ್ಲಿ ಬಂದ ಕೀರ್ತಿ. ಅದಕ್ಕೆ ಮೊದಲು ಅವರು ಉಪಾಧ್ಯಾಯರಾಗಿದ್ದರು. ಊರೂರಿಗೆ ಹೋಗಿ ಮಕ್ಕಳ ಪಾಠವನ್ನು ಒಪ್ಪಿಸಿಕೊಳ್ಳುವ ಶಾಲಾ ಇನ್‌ಸ್ಪೆಕ್ಟರಾಗಿದ್ದರು. ಆ ಕೆಲಸದಿಂದಲೇ ಈ ಕೀರ್ತಿಯು ಹುಟ್ಟಿತೆಂಬುದನ್ನು ತೋರಿಸುವುದು ನಮ್ಮ ಉದ್ದೇಶ.

ಲಂಡನ್ ಮಿಷನ್ ಸಂಘವು 1795ನೆಯ ಇಸವಿಯಲ್ಲಿ ಇಂಗ್ಲೆಂಡಿನಲ್ಲಿ ಸ್ಥಾಪಿತವಾಯಿತು. ಆ ಸಂಘದವರು 1807ರಲ್ಲಿ ರಾಬರ್ಟ್ ಮಾರಿಸನ್ ಎಂಬವರನ್ನು ಚೀಣಾ ದೇಶಕ್ಕೆ ಕಳುಹಿಸಿದರು. ಅವರು ಆ ದೇಶದ ಕಠಿಣವಾದ ಭಾಷೆಯನ್ನು ಕಲಿತು ಅದಕ್ಕೊಂದು ದೊಡ್ಡ ನಿಘಂಟನ್ನು ರಚಿಸಿದರು. ಅದೇ ಸಂಘವು 1820ರಲ್ಲಿ ಬೆಂಗಳೂರಿನಲ್ಲಿ ಕೆಲಸವನ್ನು ಆರಂಭಿಸಿತು. ಹೋದ ನಾಡಿನ ನುಡಿಯನ್ನು ಮೊದಲು ಕಲಿಯಬೇಕು, ಆಮೇಲೆ ಕಲಿಸಬೇಕು ಎಂಬುದು ಆ ಕಾಲದ ಉತ್ತಮ ಮಿಷನರಿಗಳು ಪಾಲಿಸಿದ ನಿಯಮವಾಗಿದ್ದಿತು. 1837ರ ಜನವರಿಯಲ್ಲಿ ಬೆಂಗಳೂರಿಗೆ ಬಂದ ರೆವರೆಂಡ್ ಬೆಂಜಮಿನ್ ರೈಸ್ ಎಂಬವರು ಇಂತಹವರಲ್ಲೊಬ್ಬರು. ಅವರು 1887ರಲ್ಲಿ ಕಾಲವಾಗುವವರೆಗೆ, ಅಂದರೆ ಐವತ್ತು ವರ್ಷಗಳ ಕಾಲ, ಕನ್ನಡ ಜನರ ನಡುವೆ ಸೇವೆ ಸಲ್ಲಿಸಿದರು. ಕನ್ನಡದಲ್ಲಿ ಶಾಲಾಪುಸ್ತಕಗಳನ್ನು ಬರೆದರು. ಸತ್ಯವೇದದ ಕನ್ನಡ ಅನುವಾದವನ್ನು ತಿದ್ದುವ ಕಾರ್ಯದಲ್ಲಿ ಕೈಗೂಡಿಸಿದರು. ಬೆಂಗಳೂರು ಪೇಟೆಯ ಅವೆನ್ಯೂ ರಸ್ತೆಯಲ್ಲಿರುವ ರೈಸ್ ಸ್ಮಾರಕ ದೇವಾಲಯವು ಈ ತಂದೆಯವರ ಹೆಸರನ್ನು ಹೊತ್ತಿದೆ.

ಅವರ ಪತ್ನಿಯವರಾದ ಜೇನ್ ಪೀಚ್ ಸಿಂಗರ್ ಅಮ್ಮನವರನ್ನು ನಮ್ಮಂತಹ ಹೆಣ್ಣುಮಕ್ಕಳ ಶಾಲೆಯವರು ಮರೆಯಲಾಗದು. 1840ರ ದಶಕದ ಪ್ರಾರಂಭದಲ್ಲಿ ಈಕೆಯೂ ಇವರ ಸಹಕಾರಿಣಿಯಾದ ಸ್ಯೂಯೆಲ್ ಅಮ್ಮನವರೂ ಬೆಂಗಳೂರಿನಲ್ಲಿ ಕನ್ನಡ ಬಾಲಿಕೆಯರಿಗಾಗಿ ಪಾಠಶಾಲೆಯನ್ನು ತೆರೆದರು. ಅಕ್ಷರ ಕಲಿತ ಹೆಣ್ಣಿಗೆ ವೈಧವ್ಯವು ಬರುವುದೆಂದು ಜನರು ಅಂಜುತ್ತಿದ್ದ ಕಾಲವದು. ಓಲೆ ಬರೆಯಬಲ್ಲ ಮಗಳು ಮನೆತನದ ಮರ್ಯಾದೆಗೆ ಕುಂದು ತರುವಳೆಂದು ಹಿರಿಯರು ಶಂಕಿಸುತ್ತಿದ್ದರು. ಅಂತಹ ಕಾಲದಲ್ಲಿ ಮನೆಮನೆಯ ಬಾಗಿಲಿಗೆ ಹೋಗಿ ಮಗಳನ್ನು ಕಳುಹಿಸಿರೆಂದು ಕೇಳಬೇಕಾದರೆ ಎಷ್ಟು ಸಹನೆ ಬೇಕಾಗಿದ್ದಿತೆಂಬುದನ್ನು ಇಂದಿನ ನಾವು ಊಹಿಸುವುದೂ ಕಷ್ಟ. ಇಂದು ಕನ್ನಡ ನಾಡಿನ ಮಿಷನ್ ಶಾಲೆಗಳಲ್ಲಿ ಬೆಂಚುಗಳ ತುಂಬ ಕುಳಿತಿರುವ ಬಾಲಿಕೆಯರೆಲ್ಲರೂ ಆ ಸಣ್ಣ ಶಾಲೆಗೆ ಒಂದಿಷ್ಟು ಋಣಿಗಳೇ ಸರಿ.

ಈ ದಂಪತಿಗಳಿಗೆ 1837ನೆಯ ಇಸವಿ ಜುಲೈ 17ನೆಯ ತಾರೀಖು ಬೆಂಗಳೂರಿನಲ್ಲಿ ನಮ್ಮ ಚರಿತ್ರನಾಯಕರು ಜನಿಸಿದರು. ಬೆಂಜಮಿನ್ ಎಂಬುದು ತಂದೆಯ ಹೆಸರೇ ಆದುದರಿಂದ ಲೋಕವು ಮಗನನ್ನು ಲೂಯಿಸ್ ರೈಸ್ ಎಂದು ಗುರುತಿಸಿತು. ವಂಶದಿಂದ ಅವರು ಆಂಗ್ಲೇಯರು; ಹುಟ್ಟಿನಿಂದ ಬೆಂಗಳೂರಿನವರು. ಮಗುವಾಗಿದ್ದಾಗಲೇ ಕಿವಿಗೆ ಬಿದ್ದ ಕನ್ನಡವು ಅವರ ಬಾಳಿನ ಕೊನೆಯವರೆಗೂ ಅವರನ್ನು ಬಿಡಲಿಲ್ಲ. ವಿದ್ಯಾಭ್ಯಾಸಕ್ಕಾಗಿ ಅವರನ್ನು ಇಂಗ್ಲೆಂಡಿಗೆ ಕಳುಹಿಸಲಾಯಿತು. ಬಿ. ಎ. ಪದವಿಯನ್ನು ಪಡೆದು, 1860ರಲ್ಲಿ ಅವರು ಹುಟ್ಟಿದ ಊರಿಗೆ ಹಿಂದಿರುಗಿ, ಬೆಂಗಳೂರು ಹೈಸ್ಕೂಲಿನ ಮುಖ್ಯೋಪಾಧ್ಯಾಯರಾದರು. 1858ರಲ್ಲಿ ಸ್ಥಾಪಿತವಾದ ಆ ಶಾಲೆಯೇ 1875ರಲ್ಲಿ ಸೆಂಟ್ರಲ್ ಕಾಲೇಜ್ ಎಂಬ ಹೆಸರನ್ನು ಪಡೆಯಿತು. ಆ ಶಾಲೆಯನ್ನು ಮೊದಲು ನಡೆಯಿಸಿದ ಜಾನ್ ಗ್ಯಾರೆಟ್ ಸಾಹೇಬರು ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಮುಖ್ಯಸ್ಥರಾಗಿದ್ದವರು. ಅವರ ಪುತ್ರಿಯನ್ನು ರೈಸ್ ಸಾಹೇಬರು ವಿವಾಹವಾದರು.

ಐದು ವರ್ಷಗಳ ಮೇಲೆ, 1865ರಲ್ಲಿ, ರೈಸ್ ಸಾಹೇಬರು ಮೈಸೂರು ಮತ್ತು ಕೊಡಗು ಪ್ರಾಂತಗಳ ಶಾಲೆಗಳ ಇನ್‌ಸ್ಪೆಕ್ಟರಾಗಿ ನೇಮಕವಾದರು. ಆಗ ಮೈಸೂರು ಸಂಸ್ಥಾನವು ಕಮಿಷನರರ ಆಡಳಿತದಲ್ಲಿದ್ದಿತು. ಬೆಂಗಳೂರಿನ ವಿಶಾಲವಾದ ತರಗತಿಯ ಕೊಠಡಿಯನ್ನು ಬಿಟ್ಟು, ಅವರು ಕುದುರೆಯ ಬೆನ್ನೇರಿ, ದಾರಿಯಿರುವ ಕಡೆ ದಾರಿಯಲ್ಲಿಯೂ ಇಲ್ಲದ ಕಡೆ ಹೊಲದ ಬದುಗಳ ಮೇಲೆಯೂ ಸಂಚರಿಸಬೇಕಾಯಿತು. ಮಲೆನಾಡಿನಲ್ಲಿ ಮಳೆ, ಕಾಡು, ಚಳಿಜ್ವರ. ಬಯಲುಸೀಮೆಯಲ್ಲಿ ಬಿಸಿಲು, ನೀರಿಲ್ಲದ ಕೆರೆ. ಇಂತಹ ಪ್ರಯಾಣದ ಕೊನೆಗೆ ಅವರ ಕಣ್ಣಿಗೆ ಬೀಳುತ್ತಿದ್ದ ಶಾಲೆ ಎಂತಹುದಾಗಿದ್ದಿತೆಂಬುದನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಉಚಿತ. ಏಕೆಂದರೆ ಅಂತಹ ಶಾಲೆಯನ್ನು ಕಂಡವರು ಈಗ ಯಾರೂ ಉಳಿದಿಲ್ಲ.

ಅದಕ್ಕೆ ಕೂಲಿಮಠವೆಂದು ಹೆಸರು. ಪ್ರತ್ಯೇಕವಾದ ಕಟ್ಟಡವಿರುತ್ತಿರಲಿಲ್ಲ, ಗುಡಿಯ ಮಂಟಪವೋ, ಚಾವಡಿಯೋ, ಯಾರಾದರೊಬ್ಬ ಗೃಹಸ್ಥರ ಜಗುಲಿಯೋ ಪಾಠಶಾಲೆಯಾಗುತ್ತಿದ್ದಿತು. ಉಪಾಧ್ಯಾಯರನ್ನು ಐಗಳೆಂದು ಕರೆಯುತ್ತಿದ್ದರು. ಸಂಬಳವೆಂಬುದು ನಿಯತವಾಗಿರದೆ, ಮಕ್ಕಳ ಮನೆಯವರು ಕೊಡುವ ಕಾಸು, ಧಾನ್ಯ, ಹಬ್ಬದ ಉಡುಗೊರೆ ಇವುಗಳಿಂದ ಐಗಳ ಜೀವನವು ಸಾಗುತ್ತಿದ್ದಿತು. ಮಹಾನವಮಿಯಲ್ಲಿ ಹುಡುಗರು ಐಗಳೊಡನೆ ಮನೆಮನೆಗೆ ಹೋಗಿ ಚೌಪದಗಳನ್ನು ಹಾಡಿ ಕಾಣಿಕೆ ತರುತ್ತಿದ್ದರು. ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದು. ಕೈ ಕುದುರಿದ ಮೇಲೆ ಕಡತದಲ್ಲಿ ಬಳಪದಿಂದ ಬರೆಯುವುದು. ಕಡತವೆಂದರೆ ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದು ಒಣಗಿಸಿ ಮಡಿಕೆ ಮಡಿಕೆಯಾಗಿ ಮಡಿಸಿದ ಕಪ್ಪು ಪುಸ್ತಕ. ಬರೆದುದನ್ನು ಒರೆಸಿ ಮತ್ತೆ ಬರೆಯಬಹುದಾಗಿದ್ದಿತು. ಮಗ್ಗಿ, ಲೆಕ್ಕ, ಅಮರಕೋಶದ ಶ್ಲೋಕಗಳು ಎಲ್ಲವನ್ನೂ ರಾಗವಾಗಿ ಗಟ್ಟಿಯಾಗಿ ಹೇಳಬೇಕು. ತಪ್ಪಿದವರಿಗೆ ಬಸ್ಕಿ, ಬೆತ್ತ. ತೀರ ಪುಂಡರಾದವರನ್ನು ಹಗ್ಗಕ್ಕೆ ಜೋತುಬೀಳಿಸುವ ಕೋದಂಡವೆಂಬ ಕ್ರೂರವಾದ ಶಿಕ್ಷೆಯೂ ಇದ್ದಿತು.

ಇಂತಹ ಮಠಗಳನ್ನು ನೋಡಿ ನಗುವುದು ಸುಲಭ. ನಕ್ಕ ಅಧಿಕಾರಿಗಳೂ ಇದ್ದರು. ಆದರೆ 1823ರಷ್ಟು ಹಿಂದೆಯೇ ಬಳ್ಳಾರಿಯ ಕಲೆಕ್ಟರಾಗಿದ್ದ ಎ. ಡಿ. ಕ್ಯಾಂಪ್‌ಬೆಲ್ ಸಾಹೇಬರು ತಮ್ಮ ಜಿಲ್ಲೆಯ ಇಂತಹ ಶಾಲೆಗಳ ವಿಷಯವಾಗಿ ಸರ್ಕಾರಕ್ಕೆ ವಿವರವಾದ ವರದಿಯನ್ನು ಬರೆದಿದ್ದರು. ಬೆಳಗ್ಗೆ ಮೊದಲು ಬಂದ ಹುಡುಗನ ಅಂಗೈಯಲ್ಲಿ ಮರ್ಯಾದೆಗಾಗಿ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರೆಂದೂ, ಎರಡನೆಯವನಿಗೆ ಹೊಗಳಿಕೆಯೂ ಇಲ್ಲ ತೆಗಳಿಕೆಯೂ ಇಲ್ಲವೆಂದು ಸೊನ್ನೆಯನ್ನು ಬರೆಯುತ್ತಿದ್ದರೆಂದೂ, ಆ ಮೇಲೆ ಬಂದವರಿಗೆ ಏಟು ಬೀಳುತ್ತಿದ್ದಿತೆಂದೂ ಅವರು ತಿಳಿಸಿದ್ದಾರೆ. ದೊಡ್ಡ ಹುಡುಗರು ಚಿಕ್ಕವರಿಗೆ ಕಲಿಸುವ ಇಲ್ಲಿಯ ಪದ್ಧತಿಯು ಇಂಗ್ಲೆಂಡಿನವರೂ ಅನುಕರಿಸಿದಷ್ಟು ಒಳ್ಳೆಯದೆಂದು ಅವರು ಒಪ್ಪಿಕೊಂಡರು. ಆದರೆ ಮಕ್ಕಳು ಅರ್ಥವರಿಯದೆ ಬಾಯಿಪಾಠ ಮಾಡುವುದನ್ನೂ, ಬಡತನದಿಂದ ಶಾಲೆಗಳು ಕಡಿಮೆಯಾಗುತ್ತಿರುವುದನ್ನೂ ಕಂಡು ಅವರು ಮರುಗಿದರು.

ರೈಸ್ ಸಾಹೇಬರು ಈ ಎರಡು ಮುಖಗಳನ್ನೂ ಕಂಡವರು. ಪಟ್ಟಣದ ಕೆಲವರಿಗೆ ಇಂಗ್ಲಿಷ್ ಕಲಿಸಿದರೆ ವಿದ್ಯೆಯು ತಾನಾಗಿ ಕೆಳಗಿಳಿದು ಹಳ್ಳಿಯನ್ನು ಮುಟ್ಟುವುದೆಂಬ ಆ ಕಾಲದ ನಂಬಿಕೆಯು ಸುಳ್ಳೆಂಬುದು ಸಂಚಾರ ಮಾಡಿದವರಿಗೆ ತಿಳಿಯದಿರಲು ಸಾಧ್ಯವಿರಲಿಲ್ಲ. 1868ರಲ್ಲಿ ವಿದ್ಯಾ ಇಲಾಖೆಯ ಡೈರೆಕ್ಟರ್ ಹುದ್ದೆಯನ್ನು ತಾತ್ಕಾಲಿಕವಾಗಿ ವಹಿಸಿಕೊಂಡಿದ್ದಾಗ, ಹೋಬಳಿಗೊಂದು ಶಾಲೆಯಿರಬೇಕೆಂಬ ಯೋಜನೆಯನ್ನು ಅವರು ಸಿದ್ಧಪಡಿಸಿದರು. ಅಲ್ಲಿ ಪಾಠವು ಜನರ ನುಡಿಯಾದ ಕನ್ನಡದಲ್ಲಿಯೇ ನಡೆಯಬೇಕು. ಬರೆಹ, ಓದು, ಲೆಕ್ಕ ಮುಂತಾದ ಸರಳವಾದ ವಿದ್ಯೆಯು ರೈತನ ಮಗನಿಗೂ ದೊರೆಯಬೇಕು. ಉಪಾಧ್ಯಾಯರು ತರಬೇತನ್ನು ಪಡೆದವರಾಗಿರಬೇಕು ಎಂಬುದು ಅದರ ಸಾರಾಂಶ. ಹೋಬಳಿ ಶಾಲೆಗಳೆಂದು ಪ್ರಸಿದ್ಧವಾದ ಇವುಗಳೇ ಮೈಸೂರು ಸಂಸ್ಥಾನದ ಹಳ್ಳಿಗಾಡಿನ ಪ್ರಾಥಮಿಕ ವಿದ್ಯಾಭ್ಯಾಸಕ್ಕೆ ತಳಹದಿಯಾದುವು. ನಮ್ಮಲ್ಲಿ ಅನೇಕರ ಮುತ್ತಾತಂದಿರು ಓದು ಕಲಿತುದು ಇಂತಹ ಶಾಲೆಗಳಲ್ಲಿಯೇ.

ಒಂದು ಮಾತನ್ನು ಇಲ್ಲಿ ಮುಚ್ಚಿಡಬಾರದು. ಆ ಹಳ್ಳಿಯ ಶಾಲೆಗಳಲ್ಲಿ ಇನ್‌ಸ್ಪೆಕ್ಟರರ ಮುಂದೆ ಕೈಕಟ್ಟಿ ನಿಂತವರು ಗಂಡುಹುಡುಗರು ಮಾತ್ರ ಎನ್ನಬಹುದು. ಅವರ ಅಕ್ಕತಂಗಿಯರು ಆ ಹೊತ್ತಿನಲ್ಲಿ ನೀರು ಹೊರುತ್ತಿದ್ದರು, ರಾಗಿ ಬೀಸುತ್ತಿದ್ದರು, ಕೂಸನ್ನು ಆಡಿಸುತ್ತಿದ್ದರು. ತಾಯಿಯು ಬೆಂಗಳೂರಿನಲ್ಲಿ ಹಚ್ಚಿದ್ದ ದೀಪವು ಮಗನು ಸಂಚರಿಸಿದ ಹಳ್ಳಿಗಳನ್ನು ಇನ್ನೂ ಮುಟ್ಟಿರಲಿಲ್ಲ. ಮೈಸೂರಿನಲ್ಲಿ ಮಹಾರಾಣಿಯವರ ಬಾಲಿಕಾ ಪಾಠಶಾಲೆಯು ಪ್ರಾರಂಭವಾದುದು 1881ರಲ್ಲಿ. ಹೋಬಳಿಯ ಹೆಣ್ಣುಮಗಳ ಕೈಗೆ ಬಳಪ ಬರುವುದಕ್ಕೆ ಅದಾದಮೇಲೂ ಬಹುಕಾಲ ಬೇಕಾಯಿತು. ಯೋಜನೆಯು ದೊಡ್ಡದಾದರೂ ಅದರ ಅರ್ಧಭಾಗವು ಹೀಗೆ ಬರಿದಾಗಿಯೇ ಉಳಿದಿದ್ದಿತು.

ಇನ್ನು ಅವರ ಜೀವನವನ್ನೇ ತಿರುಗಿಸಿದ ವಿಷಯಕ್ಕೆ ಬರೋಣ. ಶಾಲೆಯು ಗುಡಿಯ ಮಂಟಪದಲ್ಲಿದ್ದರೆ, ಅದರ ಕಂಬದ ಮೇಲೆಯೋ, ಅಂಗಳದ ಚಪ್ಪಡಿಯ ಮೇಲೆಯೋ, ಊರಬಾಗಿಲಿನ ವೀರಗಲ್ಲಿನ ಮೇಲೆಯೋ ಬರೆಹವಿರುತ್ತಿದ್ದಿತು. ಒಳಗೆ ಹುಡುಗರು ಅಕ್ಷರ ಹೇಳುತ್ತಿದ್ದರೆ, ಹೊರಗೆ ಕಲ್ಲಿನ ಮೇಲೆ ಅದೇ ಕನ್ನಡದ ಹಳೆಯ ಅಕ್ಷರಗಳು ಬಿಸಿಲು ಮಳೆಗಳಲ್ಲಿ ನಿಂತಿರುತ್ತಿದ್ದುವು. ಅದನ್ನು ಐಗಳೂ ಓದಲಾರರು, ಗೌಡನೂ ಓದಲಾರನು, ಶಾನುಭೋಗನೂ ಓದಲಾರನು. ಲಿಪಿಯು ಕಾಲಕಾಲಕ್ಕೆ ರೂಪವನ್ನು ಬದಲಿಸಿ, ತಾತನು ಬರೆಸಿದುದನ್ನು ಮೊಮ್ಮಗನು ಗುರುತಿಸಲಾರದಂತಾಗಿದ್ದಿತು. ನಮ್ಮ ಹಳ್ಳಿಗಳಲ್ಲಿ ಇಂತಹ ಕಲ್ಲುಗಳ ವಿಷಯವಾಗಿ ಬಗೆಬಗೆಯ ಕಥೆಗಳಿವೆ: ಅದರ ಕೆಳಗೆ ನಿಧಿಯಿದೆಯೆಂದು ಕೆಲವರು ಅಗೆದರು, ದೆವ್ವದ ಬರೆಹವೆಂದು ಕೆಲವರು ದೂರವಿಟ್ಟರು, ಅಗಸರು ಬಟ್ಟೆ ಒಗೆದರು, ಕೆರೆಯ ತೂಬಿಗೂ ಮನೆಯ ಮೆಟ್ಟಿಲಿಗೂ ಅವು ಉಪಯೋಗವಾದುವು. ಯಾವನೋ ಒಬ್ಬ ವೀರನು ಊರಿನ ದನಗಳನ್ನು ಬಿಡಿಸಲು ಹೋರಾಡಿ ಮಡಿದುದನ್ನು ಆ ಕಲ್ಲು ಹೇಳುತ್ತಿದ್ದಿತು. ಆದರೆ ಆತನ ಊರಿನವರಿಗೇ ಆತನ ಹೆಸರು ತಿಳಿಯದು. ಓದುವವರಿಲ್ಲದೆ ಹೋದರೆ ಬರೆಹವಿದ್ದೂ ಇಲ್ಲದಂತೆಯೇ ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನವು ಬೇಕಿಲ್ಲ.

ಓದು ಕಲಿಸುವುದೇ ತಮ್ಮ ವೃತ್ತಿಯಾಗಿದ್ದ ಇನ್‌ಸ್ಪೆಕ್ಟರರಿಗೆ ಈ ಮೂಕಶಿಲೆಗಳು ಒಂದು ಸವಾಲಾದುವು. 1865ರಲ್ಲಿ ಮೇಜರ್ ಡಿಕ್ಸನ್ ಎಂಬವರು ಸಂಸ್ಥಾನದ ಕೆಲವು ಶಾಸನಗಳ ಛಾಯಾಚಿತ್ರಗಳನ್ನು ತೆಗೆದಿದ್ದರು. ಅವುಗಳನ್ನು ಓದಿ ಅನುವಾದಿಸುವ ಕೆಲಸವು ರೈಸ್ ಸಾಹೇಬರ ಪಾಲಿಗೆ ಬಂದಿತು. ಹಳಗನ್ನಡವನ್ನೂ ಸಂಸ್ಕೃತವನ್ನೂ ಬಲ್ಲ ಪಂಡಿತರನ್ನು ಜೊತೆಗಿಟ್ಟುಕೊಂಡು ಅವರು ಅಕ್ಷರ ಅಕ್ಷರವಾಗಿ ಕಲಿತರು. ಆ ಪರಿಶ್ರಮದ ಫಲವಾಗಿ 1879ರಲ್ಲಿ ಮೈಸೂರು ಶಾಸನಗಳೆಂಬ ಗ್ರಂಥವು ಹೊರಬಂದಿತು. ಇದಕ್ಕೆ ಮೊದಲೇ ಸರ್ಕಾರದ ಅಪ್ಪಣೆಯ ಮೇರೆಗೆ ಅವರು ಮೈಸೂರು ಸಂಸ್ಥಾನದ ಗ್ಯಾಜೆಟಿಯರನ್ನು ರಚಿಸಿ 1877ರಲ್ಲಿ ಪ್ರಕಟಿಸಿದ್ದರು. ಕೊಡಗಿನ ಸಂಪುಟವು 1878ರಲ್ಲಿ ಬಂದಿತು. ನಾಡಿನ ನದಿ ಬೆಟ್ಟಗಳು, ಬೆಳೆ, ಜಾತಿ ಜನಾಂಗ, ಆಡಳಿತ, ಚರಿತ್ರೆ ಎಲ್ಲವನ್ನೂ ಒಂದೆಡೆ ಸಂಗ್ರಹಿಸಿದ ಆ ಗ್ರಂಥವನ್ನು ಅವರೇ ಪರಿಷ್ಕರಿಸಿ 1897ರಲ್ಲಿ ಮತ್ತೆ ಹೊರತಂದರು. ಹಳ್ಳಿಹಳ್ಳಿಯನ್ನು ಸುತ್ತಿದವರ ಅನುಭವವು ಅದರ ಪುಟಗಳಲ್ಲೆಲ್ಲಾ ಕಂಡುಬರುತ್ತದೆ.

1882ರಲ್ಲಿ ಭಾರತ ಸರ್ಕಾರದವರು ಸರ್ ವಿಲಿಯಂ ಹಂಟರ್ ಅವರ ಅಧ್ಯಕ್ಷತೆಯಲ್ಲಿ ವಿದ್ಯಾಭ್ಯಾಸದ ಕಮಿಷನ್ನನ್ನು ನೇಮಿಸಿದಾಗ, ಅದಕ್ಕೆ ಕಾರ್ಯದರ್ಶಿಗಳಾಗಿ ರೈಸ್ ಸಾಹೇಬರನ್ನು ಆರಿಸಿಕೊಂಡರು. ಸರ್ಕಾರವು ಜನಸಾಮಾನ್ಯರ ಪ್ರಾಥಮಿಕ ವಿದ್ಯಾಭ್ಯಾಸಕ್ಕೆ ವಿಶೇಷವಾದ ಗಮನ ಕೊಡಬೇಕೆಂದೂ, ದೇಶೀಯ ಪಾಠಶಾಲೆಗಳನ್ನು ತಳ್ಳಿಹಾಕದೆ ಪೋಷಿಸಬೇಕೆಂದೂ, ಹೆಣ್ಣುಮಕ್ಕಳ ಶಾಲೆಗಳಿಗೆ ಧಾರಾಳವಾದ ಸಹಾಯವು ಬೇಕೆಂದೂ ಆ ಕಮಿಷನ್ನಿನವರು ಸಲಹೆ ಮಾಡಿದರು. 1885ರಲ್ಲಿ ಮೈಸೂರಿನ ಪ್ರಾಚ್ಯವಸ್ತು ಸಂಶೋಧನೆಯ ಕಾರ್ಯವನ್ನು ರೈಸ್ ಸಾಹೇಬರಿಗೆ ವಹಿಸಲಾಯಿತು. 1890ರಿಂದ ಅವರು ಪೂರ್ಣಕಾಲದ ಡೈರೆಕ್ಟರಾಗಿ, ತಮ್ಮ ಮನಸ್ಸು ಬಹುಕಾಲದಿಂದ ಬಯಸುತ್ತಿದ್ದ ಕೆಲಸಕ್ಕೆ ಸಂಪೂರ್ಣವಾಗಿ ತೊಡಗಿದರು.

ಎಪಿಗ್ರಾಫಿಯ ಕರ್ನಾಟಿಕ ಎಂಬ ಶಾಸನಸಂಪುಟಗಳ ಮಹಾಕಾರ್ಯವು ಈ ರೀತಿಯಾಗಿ ನಡೆಯಿತು. ಮೊದಲನೆಯದಾದ ಕೊಡಗಿನ ಸಂಪುಟವು 1886ರಲ್ಲಿಯೂ, ಎರಡನೆಯದಾದ ಶ್ರವಣಬೆಳಗೊಳದ ಸಂಪುಟವು 1889ರಲ್ಲಿಯೂ ಪ್ರಕಟವಾದುವು. ಬಳಿಕ ಜಿಲ್ಲೆ ಜಿಲ್ಲೆಯಾಗಿ ಒಟ್ಟು ಹನ್ನೆರಡು ಸಂಪುಟಗಳು 1905ರೊಳಗೆ ಪೂರ್ತಿಯಾದುವು. ಅವುಗಳಲ್ಲಿ ಸೇರಿದ ಶಾಸನಗಳು ಸುಮಾರು 9,000. ಅವರೂ ಅವರ ಸಿಬ್ಬಂದಿಯವರೂ ತಾಲ್ಲೂಕು ತಾಲ್ಲೂಕಾಗಿ ತಿರುಗಿ, ಪೊದೆಯನ್ನು ಸವರಿಸಿ, ಮಣ್ಣಿನಲ್ಲಿ ಹೂತ ಕಲ್ಲನ್ನು ಎತ್ತಿಸಿ, ತೊಳೆದು, ಅಚ್ಚು ತೆಗೆಯುತ್ತಿದ್ದರು. ಅಚ್ಚು ತೆಗೆಯುವುದೆಂದರೆ ನೆನೆಸಿದ ಕಾಗದವನ್ನು ಕಲ್ಲಿಗೆ ಹೊದಿಸಿ, ಅದು ಅಕ್ಷರಗಳ ಗುಳಿಗೆ ಇಳಿಯುವಂತೆ ಕುಂಚದಿಂದ ಬಡಿದು, ಮೇಲೆ ಮಸಿಯನ್ನು ಒತ್ತುವುದು; ಆಗ ಅಕ್ಷರಗಳು ಬಿಳಿಯಾಗಿ, ಉಳಿದ ಭಾಗವು ಕಪ್ಪಾಗಿ ಮೂಡುತ್ತದೆ. ಹೀಗೆ ದೊರೆತ ಪಾಠವನ್ನು ಕನ್ನಡ ಲಿಪಿಯಲ್ಲಿಯೂ ರೋಮನ್ ಲಿಪಿಯಲ್ಲಿಯೂ ಅಚ್ಚು ಮಾಡಿಸಿ, ಇಂಗ್ಲಿಷ್ ಅನುವಾದವನ್ನೂ ಪೀಠಿಕೆಯನ್ನೂ ಸೇರಿಸಿದರು. ಗಂಗರು, ಕದಂಬರು, ಬಾಣರು, ನೊಳಂಬರು, ಹೊಯ್ಸಳರು ಮೊದಲಾದ ರಾಜವಂಶಗಳ ಚರಿತ್ರೆಯು ಕಟ್ಟುಕಥೆಯ ಮಬ್ಬಿನಿಂದ ಹೊರಬರುವುದಕ್ಕೆ ಈ ಸಂಪುಟಗಳು ಮುಖ್ಯವಾದ ಆಧಾರವಾದುವು.

ಇವುಗಳಲ್ಲಿ ನಮಗೆ ಅತ್ಯಂತ ಸಮೀಪವಾದುದು ಹತ್ತನೆಯ ಸಂಪುಟ. ಅದು ಕೋಲಾರ ಜಿಲ್ಲೆಯದು, 1905ರಲ್ಲಿ ಪ್ರಕಟವಾಯಿತು. ಈಗ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿರುವ ನಮ್ಮ ಸೀಮೆಯು 2007ರವರೆಗೆ ಕೋಲಾರ ಜಿಲ್ಲೆಯ ಭಾಗವೇ ಆಗಿದ್ದಿತೆಂಬುದು ಎಲ್ಲರಿಗೂ ತಿಳಿದ ವಿಷಯ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಬಾಗೇಪಲ್ಲಿ ತಾಲ್ಲೂಕುಗಳ ಶಾಸನಗಳು ಅಲ್ಲಿ ಊರಿನ ಹೆಸರಿನೊಡನೆ, ಕಲ್ಲು ನಿಂತಿರುವ ಸ್ಥಳದ ಗುರುತಿನೊಡನೆ ಸಾಲಾಗಿ ನಿಂತಿವೆ. ಮೇಲೂರಿನ ಸುತ್ತಿನ ಹಿಪ್ಪುನೇರಳೆ ತೋಟಗಳ ನಡುವೆ ರೇಷ್ಮೆಹುಳು ಸಾಕುವ ಮನೆಗಳಿಂದ ಶಾಲೆಗೆ ಬರುವ ಬಾಲಿಕೆಯರು ತಮ್ಮ ಸೀಮೆಗೆ ಚರಿತ್ರೆಯೇ ಇಲ್ಲವೆಂದು ತಿಳಿಯದಿರಲಿ. ಕನ್ನಡ, ತಮಿಳು, ತೆಲುಗು, ಸಂಸ್ಕೃತ ಈ ನಾಲ್ಕು ನುಡಿಗಳಲ್ಲಿಯೂ ಇಲ್ಲಿಯ ಕಲ್ಲುಗಳು ಮಾತನಾಡಿವೆ. ಗಂಗರೂ ಬಾಣರೂ ನೊಳಂಬರೂ ಇಲ್ಲಿ ಕಾದಾಡಿದರು, ಚೋಳರು ಬಂದರು, ಹೊಯ್ಸಳರು, ವಿಜಯನಗರದ ಅರಸರು, ಪಾಳೆಯಗಾರರು ಆಳಿದರು. ಸಮೀಪದ ನಂದಿಯಲ್ಲಿರುವ ಭೋಗನಂದೀಶ್ವರ ದೇವಾಲಯಕ್ಕೂ ಬಾಣ ದೊರೆಯ ರಾಣಿಯಾದ ರತ್ನಾವಳಿಯ ಹೆಸರಿಗೂ ಇರುವ ಸಂಬಂಧವು ತಾಮ್ರಶಾಸನದಿಂದ ತಿಳಿಯಬಂದಿದೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎಂದು ಎರಡು ನುಡಿಗಳಲ್ಲಿ ಬಾಳುವ ನಮ್ಮ ಗಡಿಸೀಮೆಯ ಜನರಿಗೆ, ಈ ಕೂಡುಬಾಳು ಇಂದು ನಿನ್ನೆಯದಲ್ಲವೆಂದು ತೋರಿಸಿಕೊಡುವುದೂ ಆ ಸಂಪುಟದ ಒಂದು ಉಪಕಾರ.

ರೈಸ್ ಸಾಹೇಬರ ಶೋಧನೆಗಳಲ್ಲಿ ಶಿಖರಪ್ರಾಯವಾದುದು 1892ರಲ್ಲಿ ಸಂಭವಿಸಿತು. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರ, ಬ್ರಹ್ಮಗಿರಿ, ಜಟಿಂಗ ರಾಮೇಶ್ವರ ಎಂಬ ಮೂರು ಸ್ಥಳಗಳಲ್ಲಿ ಬಂಡೆಗಳ ಮೇಲೆ ಅಶೋಕ ಚಕ್ರವರ್ತಿಯ ಶಾಸನಗಳನ್ನು ಅವರು ಕಂಡುಹಿಡಿದರು. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಆ ಮಹಾರಾಜನ ಆಜ್ಞೆಯು ಮೈಸೂರು ಸೀಮೆಯವರೆಗೂ ನಡೆಯುತ್ತಿದ್ದಿತೆಂಬುದು ಇದರಿಂದ ಜಗತ್ತಿಗೆ ತಿಳಿದುಬಂದಿತು. ತಾಯಿತಂದೆಗಳಿಗೆ ವಿಧೇಯರಾಗಿರಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯವನ್ನು ನುಡಿಯಬೇಕು, ಶಿಷ್ಯನು ಆಚಾರ್ಯನನ್ನು ಗೌರವಿಸಬೇಕು ಎಂಬುದು ಆ ಬಂಡೆಗಳು ಸಾರುವ ಧರ್ಮ. ಅದನ್ನು ಬರೆದ ಲಿಪಿಕಾರನ ಹೆಸರು ಚಪಡ. ಆತನು ಕೊನೆಯಲ್ಲಿ ಲಿಪಿಕಾರನೆಂಬ ತನ್ನ ವೃತ್ತಿಯ ಪದವನ್ನು ಮಾತ್ರ ವಾಯವ್ಯ ದಿಕ್ಕಿನ ಗಡಿನಾಡಿನ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ದೂರದಿಂದ ಬಂದು ಈ ನಾಡಿನ ಬಂಡೆಯ ಮೇಲೆ ಗುರುಶಿಷ್ಯರ ಧರ್ಮವನ್ನು ಬರೆದವನೊಬ್ಬನು. ಎರಡು ಸಾವಿರ ವರ್ಷಗಳ ಮೇಲೆ ಅದನ್ನು ಕಂಡು ಓದಿಸಿದವನು ದೂರದೇಶದ ವಂಶದಲ್ಲಿ ಹುಟ್ಟಿದ ಶಾಲಾ ಇನ್‌ಸ್ಪೆಕ್ಟರನೊಬ್ಬನು. ಈ ಸಂಯೋಗವನ್ನು ನೆನೆದಾಗ ನಮಗೆ ಆಶ್ಚರ್ಯವೂ ಆನಂದವೂ ಆಗುತ್ತವೆ.

ಬಾಲಿಕೆಯರು ಆ ಸಂಪುಟಗಳಲ್ಲಿ ತಮ್ಮ ಪಾಲಿನ ಚರಿತ್ರೆಯನ್ನೂ ಕಾಣಬಹುದು. ಏಳನೆಯ ಸಂಪುಟದಲ್ಲಿ ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯ ಶಾಸನವೊಂದಿದೆ. ಹತ್ತನೆಯ ಶತಮಾನದ ಆದಿಭಾಗದಲ್ಲಿ, ರಾಷ್ಟ್ರಕೂಟರ ಕಾಲದಲ್ಲಿ, ನಾಗರಖಂಡವೆಂಬ ಎಪ್ಪತ್ತು ಹಳ್ಳಿಗಳ ನಾಡನ್ನು ನೋಡಿಕೊಳ್ಳುತ್ತಿದ್ದ ನಾಗಾರ್ಜುನನು ಮಡಿದನು. ಆತನ ಅಧಿಕಾರವನ್ನು ಆತನ ಪತ್ನಿಯಾದ ಜಕ್ಕಿಯಬ್ಬೆಗೆ ಕೊಡಲಾಯಿತು. ಆಕೆಯು ಹೆಂಗಸಾದರೂ ಶೌರ್ಯದಿಂದಲೂ ಸಾಮರ್ಥ್ಯದಿಂದಲೂ ಆ ನಾಡನ್ನು ಪಾಲಿಸಿದಳು. ರೋಗವು ಮೈಗೂಡಿದಾಗ ಮಗಳನ್ನು ಕರೆದು ಭಾರವನ್ನು ಒಪ್ಪಿಸಿ, ಜಿನಧರ್ಮದ ಕ್ರಮದಂತೆ ವ್ರತದಲ್ಲಿ ದೇಹವನ್ನು ಬಿಟ್ಟಳು. ಶ್ರವಣಬೆಳಗೊಳದ ಶಾಸನಗಳಲ್ಲಿ ಹೊಯ್ಸಳ ವಿಷ್ಣುವರ್ಧನನ ರಾಣಿಯಾದ ಶಾಂತಲದೇವಿಯ ಗೀತ ನೃತ್ಯಗಳ ಪ್ರೌಢಿಮೆಯೂ ದಾನಶೀಲತೆಯೂ ವರ್ಣಿತವಾಗಿವೆ. ಹೆಣ್ಣುಮಗಳಿಗೆ ಅಕ್ಷರವೇಕೆ, ಅಧಿಕಾರವೇಕೆ ಎಂದು ಹಳ್ಳಿಯ ಜಗುಲಿಯಲ್ಲಿ ಕೇಳುತ್ತಿದ್ದವರಿಗೆ ಉತ್ತರವು ಹಳ್ಳಿಯ ಕಲ್ಲಿನಲ್ಲಿಯೇ ಬರೆದಿದ್ದಿತು. ಅದನ್ನು ಓದಬಲ್ಲವರು ಮಾತ್ರ ಇರಲಿಲ್ಲ.

ಕಲ್ಲಿನ ಜೊತೆಗೆ ಓಲೆಗರಿಯನ್ನೂ ಅವರು ಕಾಪಾಡಿದರು. ಮಠಗಳಲ್ಲಿಯೂ ಮನೆಗಳಲ್ಲಿಯೂ ಹುಳು ತಿನ್ನುತ್ತಿದ್ದ ತಾಳೆಯೋಲೆಯ ಗ್ರಂಥಗಳನ್ನು ಹುಡುಕಿಸಿ, ಬಿಬ್ಲಿಯೋಥೆಕ ಕರ್ನಾಟಿಕ ಎಂಬ ಮಾಲೆಯಲ್ಲಿ ಮುದ್ರಣಕ್ಕೆ ತಂದರು. ನಾಗವರ್ಮನ ಕರ್ಣಾಟಕ ಭಾಷಾಭೂಷಣವು 1884ರಲ್ಲಿಯೂ, ಭಟ್ಟಾಕಳಂಕನ ಶಬ್ದಾನುಶಾಸನವು 1890ರಲ್ಲಿಯೂ, ಪಂಪರಾಮಾಯಣವು 1892ರಲ್ಲಿಯೂ, ಪಂಪಭಾರತವು 1898ರಲ್ಲಿಯೂ ಅಚ್ಚಾದುವು. ಕವಿರಾಜಮಾರ್ಗವೂ ಕೆ. ಬಿ. ಪಾಠಕರ ಸಂಪಾದನೆಯಲ್ಲಿ ಅದೇ ಮಾಲೆಯಲ್ಲಿ 1898ರಲ್ಲಿ ಪ್ರಕಟವಾಯಿತು. ಆದಿಕವಿ ಪಂಪನ ಭಾರತವನ್ನು ಅಚ್ಚಿನ ಪುಸ್ತಕವಾಗಿ ಕೈಯಲ್ಲಿ ಹಿಡಿದ ಮೊದಲಿನವರು ಎಷ್ಟು ಸಂತೋಷಪಟ್ಟಿರಬೇಕು! ಅವರ ತಮ್ಮಂದಿರಾದ ಎಡ್ವರ್ಡ್ ಪೀಟರ್ ರೈಸ್ ಅವರೂ ಲಂಡನ್ ಮಿಷನ್ನಿನ ಸೇವೆಯಲ್ಲಿದ್ದವರು. ಅವರು ಇಂಗ್ಲಿಷಿನಲ್ಲಿ ಬರೆದ ಕನ್ನಡ ಸಾಹಿತ್ಯದ ಚರಿತ್ರೆಯಿಂದ ಪರದೇಶದ ಓದುಗರಿಗೆ ನಮ್ಮ ಕವಿಗಳ ಪರಿಚಯವಾಯಿತು. ಹೀಗೆ ಒಂದೇ ಮನೆತನದ ಎರಡು ತಲೆಮಾರಿನವರು ಕನ್ನಡಕ್ಕೆ ದುಡಿದರು.

ರೈಸ್ ಸಾಹೇಬರ ಕೆಲಸದಲ್ಲಿ ಲೋಪಗಳೇ ಇರಲಿಲ್ಲವೆಂದು ಹೇಳುವುದು ಅವರಿಗೆ ಗೌರವವನ್ನು ತರುವ ಮಾತಲ್ಲ. ಗಂಗರ ತಾಮ್ರಶಾಸನಗಳಲ್ಲಿ ಅನೇಕವು ಕೃತಕವೆಂದು ಡಾಕ್ಟರ್ ಫ್ಲೀಟ್ ಅವರು ವಾದಿಸಿದರು. ರೈಸ್ ಸಾಹೇಬರು ಅವು ನಿಜವೆಂದು ಪ್ರತಿವಾದ ಮಾಡಿದರು. ಭದ್ರಬಾಹು ಮತ್ತು ಚಂದ್ರಗುಪ್ತರು ಶ್ರವಣಬೆಳಗೊಳಕ್ಕೆ ಬಂದರೆಂಬ ಐತಿಹ್ಯದ ವಿಷಯವಾಗಿಯೂ ಇಬ್ಬರಿಗೂ ಭಿನ್ನಾಭಿಪ್ರಾಯವಿದ್ದಿತು. ಬಳಿಕ ಬಂದ ವಿದ್ವಾಂಸರು ಕೆಲವು ಪಾಠಗಳನ್ನು ತಿದ್ದಿದರು, ಕೆಲವು ಕಾಲನಿರ್ಣಯಗಳನ್ನು ಬದಲಿಸಿದರು. ಅವರೊಡನೆ 1899ರಿಂದ ಸಹಾಯಕರಾಗಿದ್ದ ಆರ್. ನರಸಿಂಹಾಚಾರ್ಯರು 1906ರಲ್ಲಿ ಅವರ ಸ್ಥಾನಕ್ಕೆ ಬಂದು, 1923ರಲ್ಲಿ ಶ್ರವಣಬೆಳಗೊಳದ ಸಂಪುಟವನ್ನು ಪರಿಷ್ಕರಿಸಿದರು. ರೈಸ್ ಸಾಹೇಬರ ಮೊದಲ ಮುದ್ರಣದಲ್ಲಿ 144 ಶಾಸನಗಳಿದ್ದರೆ, ಈ ಪರಿಷ್ಕರಣದಲ್ಲಿ ಅವುಗಳ ಸಂಖ್ಯೆಯು 500ಕ್ಕೆ ಏರಿತು. ಗುರುವು ಹಾಕಿದ ದಾರಿಯಲ್ಲಿ ಶಿಷ್ಯನು ಇನ್ನೂ ಮುಂದೆ ನಡೆದುದು ಗುರುವಿಗೇ ಕೀರ್ತಿ. ಶಾಸನಗಳ ಪಾಠವನ್ನು ಸಂಪೂರ್ಣವಾಗಿ ಎಲ್ಲರ ಮುಂದಿಟ್ಟುದರಿಂದಲೇ ಬಳಿಕದವರಿಗೆ ತಿದ್ದುವ ಅನುಕೂಲವೂ ಒದಗಿತು.

1906ರಲ್ಲಿ ಅವರು ಕೆಲಸದಿಂದ ನಿವೃತ್ತರಾದರು. ಬೆಂಗಳೂರು ಹೈಸ್ಕೂಲಿನಲ್ಲಿ ಮೊದಲ ಪಾಠ ಹೇಳಿದಂದಿನಿಂದ ಆ ವೇಳೆಗೆ ನಲವತ್ತಾರು ವರ್ಷಗಳು ಕಳೆದಿದ್ದುವು. ಬಳಿಕ ಇಂಗ್ಲೆಂಡಿನ ಹ್ಯಾರೋ ಎಂಬ ಊರಿನಲ್ಲಿ ನೆಲಸಿದರು. ಅಲ್ಲಿಯೂ ಸುಮ್ಮನಿರದೆ, ತಾವು ಸಂಗ್ರಹಿಸಿದ ಶಾಸನಗಳ ಆಧಾರದ ಮೇಲೆ ಮೈಸೂರು ಮತ್ತು ಕೊಡಗುಗಳ ಚರಿತ್ರೆಯನ್ನು ಬರೆದು 1909ರಲ್ಲಿ ಪ್ರಕಟಿಸಿದರು. 1927ನೆಯ ಇಸವಿ ಜುಲೈ 10ನೆಯ ತಾರೀಖು, ತೊಂಬತ್ತು ವರ್ಷಗಳು ತುಂಬಲು ಏಳು ದಿನಗಳಿರುವಾಗ, ಅವರು ದೈವಾಧೀನರಾದರು. ಹುಟ್ಟಿದುದು ಬೆಂಗಳೂರಿನಲ್ಲಿ, ಮಡಿದುದು ಹ್ಯಾರೋದಲ್ಲಿ. ಬಾಳಿದುದು ಮಾತ್ರ ಕನ್ನಡದಲ್ಲಿ ಎನ್ನಬೇಕು.

ಈ ಚರಿತ್ರೆಯಿಂದ ನಮ್ಮ ವಿದ್ಯಾರ್ಥಿನಿಯರು ಗ್ರಹಿಸಬೇಕಾದ ನೀತಿಯು ಸರಳವಾದುದು. ಹಳ್ಳಿಯ ಶಾಲೆಯನ್ನು ಪರೀಕ್ಷಿಸಲು ಹೋದ ಅಧಿಕಾರಿಯು, ಹಳ್ಳಿಯೇ ತನ್ನನ್ನು ಪರೀಕ್ಷಿಸುತ್ತಿದೆಯೆಂದು ಅರಿತುಕೊಂಡನು. ಗೊತ್ತಿಲ್ಲದುದನ್ನು ಕೇಳಲು ನಾಚಲಿಲ್ಲ. ಓಲೆ ಬಲ್ಲವರ ಬಳಿ ಕುಳಿತು ಕಲಿತನು. ನಿಮ್ಮಲ್ಲಿ ಕೆಲವರು ಮುಂದೆ ಉಪಾಧ್ಯಾಯಿನಿಯರಾಗುವಿರಿ. ಯಾವುದೋ ದೂರದ ಹಳ್ಳಿಯ ಒಂದೇ ಕೊಠಡಿಯ ಶಾಲೆಗೆ ನಿಮ್ಮನ್ನು ಕಳುಹಿಸಿದರೆ, ಆ ಊರಿನಲ್ಲಿ ಏನೂ ಇಲ್ಲವೆಂದು ಬೇಸರಪಡಬೇಡಿರಿ. ಊರಬಾಗಿಲಲ್ಲಿ ವಾಲಿ ನಿಂತಿರುವ ವೀರಗಲ್ಲನ್ನು ಮಕ್ಕಳಿಗೆ ತೋರಿಸಿರಿ. ಅದರ ಮೇಲೆ ಬಟ್ಟೆ ಒಗೆಯದಂತೆಯೂ, ಅದನ್ನು ಒಡೆದು ತಳಪಾಯಕ್ಕೆ ಹಾಕದಂತೆಯೂ ಹಿರಿಯರಿಗೆ ವಿನಯದಿಂದ ತಿಳಿಸಿರಿ. ಶಾಸನಸಂಪುಟವನ್ನು ತೆರೆದು ನಿಮ್ಮ ಊರಿನ ಹೆಸರನ್ನು ಹುಡುಕಿರಿ. ನೂರೈವತ್ತು ವರ್ಷಗಳ ಹಿಂದೆ ಹಳ್ಳಿಯ ಶಾಲೆಗಳಲ್ಲಿ ನಿಮಗೆ ಸ್ಥಳವಿರಲಿಲ್ಲ, ಕಲ್ಲಿಗೆ ಓದುವವರಿರಲಿಲ್ಲ. ಈಗ ಸ್ಥಳವು ದೊರೆತಿದೆ. ಓದುವವರು ನೀವಾಗಿರೆಂದು ಹಾರೈಸುತ್ತೇವೆ.